ಮೊದಲ ವಿಷಯ: ಹಿಂದಿನ ಸಭೆಯ ಅನುಪಾಲನೆ

ಗ್ರಾಮಸಭೆಯ ತಿಳಿವಳಿಕೆ ಪತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಪಂಚಾಯಿತಿ ಕಚೇರಿಯ ಗೋಡೆಗೋ ಹಾಲಿನ ಡೇರಿಯ ಬಾಗಿಲಿಗೋ ಅಂಟಿಸಿರುತ್ತಾರೆ. ಈಚೆಗೆ ಊರಿನ ವಾಟ್ಸ್ಆ್ಯಪ್ ಗುಂಪಿಗೂ ಬಂದು ಬೀಳುತ್ತದೆ. ದಿನಾಂಕ, ಸ್ಥಳ, ಯಾರ ಅಧ್ಯಕ್ಷತೆ, ನೋಡಲ್ ಅಧಿಕಾರಿ ಯಾರು ಎಂಬುದಾದ ಮೇಲೆ ಚರ್ಚೆಯ ವಿಷಯಗಳ ಪಟ್ಟಿ ಇರುತ್ತದೆ. ಕ್ರಿಯಾಯೋಜನೆ, ಫಲಾನುಭವಿಗಳ ಆಯ್ಕೆ, ಕುಡಿಯುವ ನೀರು, ಬೀದಿದೀಪ, ಕಂದಾಯ ವಸೂಲಿ ಎಂದು ಸಾಗಿ ಕೊನೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಎಂದು ಮುಗಿಯುತ್ತದೆ. ಆ ಪಟ್ಟಿಯ ತಲೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಹಿಂದಿನ ಸಭೆಯ ನಡಾವಳಿಯನ್ನು ಓದಿ ಅನುಪಾಲನಾ ವರದಿ ಮಂಡಿಸುವುದು. ಸಭೆ ಶುರುವಾದಾಗ ಯಾರೋ ಅದನ್ನು ಗಡಿಬಿಡಿಯಲ್ಲಿ ಓದುತ್ತಾರೆ, ಇಲ್ಲವೇ ಓದಿದ್ದಾಯಿತು ಎಂದು ಬರೆದುಕೊಳ್ಳುತ್ತಾರೆ. ಜನರ ಕಣ್ಣೆಲ್ಲ ಮನೆ ಯಾರಿಗೆ ಬಂತು ಎಂಬ ಮುಂದಿನ ವಿಷಯದ ಮೇಲಿರುತ್ತದೆ. ಈ ಹೊತ್ತಿನ ನನ್ನ ಮಾತು ಆ ಮೊದಲ ಸಾಲಿನ ಬಗ್ಗೆ. ಆಡಳಿತ ತನ್ನ ಕಡತಗಳನ್ನು ಬಿಚ್ಚಿಟ್ಟರೆ, ಜನ ಬಂದು ಕೂತು ಕೇಳಿದರೆ, ಪಂಚಾಯಿತಿಯ ಕೆಲಸ ನಿಜಕ್ಕೂ ಸುಧಾರಿಸುತ್ತದೆಯೇ? ಸುಧಾರಿಸುತ್ತದೆ, ಆದರೆ ಕೇಳಿದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಬರುವ ಕಟ್ಟು ಇದ್ದರೆ ಮಾತ್ರ, ಎಂಬುದು ನಾನು ಮುಂದಿಡುವ ವಾದ.

ಬೆಂಗಳೂರು ಗ್ರಾಮಾಂತರದ ಮಟ್ಟಿಗೆ ಈ ಪ್ರಶ್ನೆಗೆ ಬೇರೆಯದೇ ತೂಕವಿದೆ. 2011ರ ಜನಗಣತಿಯಲ್ಲಿ ಸುಮಾರು 9.9 ಲಕ್ಷ ಜನರಿದ್ದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲ್ಲೂಕುಗಳ ಸಣ್ಣ ಜಿಲ್ಲೆಯಿದು. ಆದರೆ 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಾಗಿನಿಂದ ಇಲ್ಲಿನ ನೆಲದ ಬೆಲೆ, ನೀರಿನ ಪಾಡು, ಪಂಚಾಯಿತಿಯ ವರಮಾನ ಎಲ್ಲವೂ ಬದಲಾಗಿವೆ. ನೆಲಮಂಗಲ, ಹೊಸಕೋಟೆಗಳ ಹೆದ್ದಾರಿಯ ಬದಿಯಲ್ಲಿ ಗೋದಾಮುಗಳು, ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳು, ಎಲ್ಲೆಲ್ಲೂ ಬಡಾವಣೆಗಳು. ನಿನ್ನೆಯವರೆಗೆ ಬೀದಿದೀಪದ ಬಿಲ್ಲು ಕಟ್ಟಲು ತಿಣುಕುತ್ತಿದ್ದ ಪಂಚಾಯಿತಿಯ ಕೈಗೆ ಗೋದಾಮಿನ ಕಂದಾಯ ಬರುತ್ತದೆ. ಅದರ ಜೊತೆಗೆ ಇ-ಸ್ವತ್ತು, ಫಾರಂ 9, ಫಾರಂ 11 ಎಂಬ ಆಸ್ತಿ ದಾಖಲೆಗಳ ಸುತ್ತ ಎಲ್ಲಿಲ್ಲದ ಒತ್ತಡವೂ ಬರುತ್ತದೆ. ದುಡ್ಡು ಕಡಿಮೆಯಿರುವಲ್ಲಿ ಲೆಕ್ಕ ಕೇಳದಿದ್ದರೆ ಆಗುವ ನಷ್ಟ ಚಿಕ್ಕದು. ನೆಲವೇ ಚಿನ್ನವಾಗಿರುವ ಕಡೆ ಲೆಕ್ಕ ಕೇಳದಿದ್ದರೆ ಆಗುವ ನಷ್ಟವನ್ನು ಒಂದು ತಲೆಮಾರು ತೀರಿಸಬೇಕಾಗುತ್ತದೆ.

ಕಾನೂನಿನಲ್ಲಿ ನಮಗೆ ಕೊರತೆಯಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆ, ಅದರಡಿ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಗಳು ಇಡೀ ದೇಶ ತಿರುಗಿ ನೋಡುವಂತೆ ಮಾಡಿದ್ದವು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರಲ್ಲಿ ಬಂದ ಪಂಚಾಯತ್ ರಾಜ್ ಕಾಯ್ದೆ ಇಂದು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂಬ ಹೆಸರಿನಲ್ಲಿದೆ. ಅದರ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ ಸೇರಬೇಕು, ಅಲ್ಲಿ ಬಂದ ಬೇಡಿಕೆಗಳು ಗ್ರಾಮಸಭೆಗೆ ಹೋಗಬೇಕು, ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಗ್ರಾಮಸಭೆಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ ಇರಬೇಕು. ಇದಲ್ಲದೆ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುವ ಜಮಾಬಂದಿಯಿದೆ. ಈ ಶಬ್ದದ ಹಿಂದೊಂದು ಸ್ವಾರಸ್ಯವಿದೆ. ಹಳೆಯ ಕಂದಾಯ ಆಡಳಿತದಲ್ಲಿ ಜಮಾಬಂದಿಯೆಂದರೆ ರೈತನು ಸರ್ಕಾರಕ್ಕೆ ಎಷ್ಟು ಕಟ್ಟಬೇಕು, ಎಷ್ಟು ಕಟ್ಟಿದ್ದಾನೆ ಎಂದು ವರ್ಷಕ್ಕೊಮ್ಮೆ ಕಂದಾಯ ಅಧಿಕಾರಿಗಳು ಊರೂರಿನ ಲೆಕ್ಕ ಬಗೆಹರಿಸುವ ಕ್ರಮ. ಈಗ ಅದೇ ಹೆಸರಿನಲ್ಲಿ ಪಂಚಾಯಿತಿಯು ರೈತನ ಎದುರು ತನ್ನ ಲೆಕ್ಕವನ್ನು ಇಡಬೇಕು. ವರ್ಷದ ಕಾಮಗಾರಿಗಳ ಕಡತ ತೋರಿಸಬೇಕು, ಜಾಗಕ್ಕೆ ಹೋಗಿ ಕೆಲಸವನ್ನೂ ತೋರಿಸಬೇಕು. ಶಬ್ದ ಹಾಗೆಯೇ ಉಳಿದು ಲೆಕ್ಕ ಒಪ್ಪಿಸುವವರು ಮಾತ್ರ ತಿರುವುಮುರುವಾಗಿದ್ದಾರೆ. ಕಾನೂನು ಇಷ್ಟು ದೂರ ಬಂದಿದ್ದರೂ ಚರಂಡಿ ಕಟ್ಟಿಕೊಂಡೇ ಇರುತ್ತದೆ, ನೀರಿನ ಮೋಟಾರು ಸುಟ್ಟೇ ಇರುತ್ತದೆ ಎಂದಾದರೆ ಎಲ್ಲಿ ತಪ್ಪುತ್ತಿದೆ ಎಂದು ಕೇಳಬೇಕಲ್ಲವೇ?

ಉತ್ತರ ಹುಡುಕಲು ದೊಡ್ಡ ಮಾತುಗಳನ್ನು ಬಿಟ್ಟು ಒಂದು ಸಿಮೆಂಟ್ ರಸ್ತೆಯನ್ನು ಹತ್ತಿರದಿಂದ ನೋಡೋಣ. ಒಂದು ಕೇರಿಗೆ ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ದಪ್ಪದ ರಸ್ತೆ ಎಂದು ಅಂದಾಜುಪಟ್ಟಿ ತಯಾರಾಗಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಕಾಂಕ್ರೀಟ್ 45 ಘನಮೀಟರ್. ಕೆಲಸ ಮುಗಿದ ಮೇಲೆ ಎಂಜಿನಿಯರು ಅಳತೆ ಪುಸ್ತಕದಲ್ಲಿ, ಅಂದರೆ ಎಲ್ಲರೂ ಎಂ.ಬಿ. ಎನ್ನುವ ಪುಸ್ತಕದಲ್ಲಿ, ಅಳತೆ ಬರೆಯುತ್ತಾರೆ. ಅದರ ಆಧಾರದ ಮೇಲೆ ಬಿಲ್ಲಾಗುತ್ತದೆ. ಊರಿನವರು ಟೇಪು ಹಿಡಿದರೆ ಉದ್ದ ಸಿಗುತ್ತದೆ, ಅಗಲವೂ ಸಿಗುತ್ತದೆ. ಆದರೆ ದಪ್ಪ ಮೂರೇ ಸೆಂಟಿಮೀಟರ್ ಕಡಿಮೆಯಾಗಿ ಹನ್ನೆರಡಾದರೆ ಮೇಲಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಬಿದ್ದಿರುವ ಕಾಂಕ್ರೀಟ್ 36 ಘನಮೀಟರ್, ಒಂಬತ್ತು ಮಾಯ; ಅಂದರೆ ರಸ್ತೆಯ ಐದರಲ್ಲೊಂದು ಪಾಲು ಎರಡು ಬೆರಳಗಲದ ದಪ್ಪದಲ್ಲಿ ಕರಗಿಹೋಯಿತು. ರಸ್ತೆಯ ಪಕ್ಕದಲ್ಲಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ ಬರೆದ ನಾಮಫಲಕ ಇದ್ದೇ ಇರುತ್ತದೆ. ಆ ಫಲಕ ಸುಳ್ಳು ಹೇಳುತ್ತಿಲ್ಲ. ಆದರೆ ದಪ್ಪ ಎಷ್ಟಿರಬೇಕಿತ್ತು ಎಂಬುದು ಅಂದಾಜುಪಟ್ಟಿಯಲ್ಲಿದೆ, ಎಷ್ಟಿದೆ ಎಂದು ಬರೆದದ್ದು ಎಂ.ಬಿ.ಯಲ್ಲಿದೆ, ನಿಜಕ್ಕೂ ಎಷ್ಟಿದೆ ಎಂಬುದು ನೆಲದೊಳಗಿದೆ. ಮೂರನ್ನೂ ಒಂದೇ ಕಡೆ ಇಟ್ಟು ನೋಡುವ ಅವಕಾಶ ಸಿಗದಿದ್ದರೆ ಫಲಕ ಗೋಡೆಯ ಮೇಲಿನ ಬಣ್ಣದಷ್ಟೇ ಉಪಯೋಗಕ್ಕೆ ಬರುತ್ತದೆ.

ಇಂಥದ್ದೇ ರಸ್ತೆಗಳನ್ನಿಟ್ಟುಕೊಂಡು ಇಂಡೋನೇಷ್ಯಾದಲ್ಲಿ ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಒಂದು ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. 608 ಹಳ್ಳಿಗಳ ರಸ್ತೆಗಳನ್ನು ತೆಗೆದುಕೊಂಡು, ಕೆಲವು ಹಳ್ಳಿಗಳಲ್ಲಿ ಲೆಕ್ಕ ಒಪ್ಪಿಸುವ ಸಭೆಗೆ ಹೆಚ್ಚು ಜನರನ್ನು ಕರೆಸಿದರು. ಇನ್ನು ಕೆಲವು ಹಳ್ಳಿಗಳಿಗೆ ಸರ್ಕಾರದ ಲೆಕ್ಕಪರಿಶೋಧಕರು ಖಂಡಿತ ಬರುತ್ತಾರೆ ಎಂದು ಮೊದಲೇ ತಿಳಿಸಿದರು. ರಸ್ತೆ ಮುಗಿದ ಮೇಲೆ ಎಂಜಿನಿಯರುಗಳು ಅದನ್ನು ಕೊರೆದು, ತುಂಡು ತೆಗೆದು, ಎಷ್ಟು ಸಾಮಗ್ರಿ ಬಿದ್ದಿದೆ ಎಂದು ಅಳೆದರು. ಪರಿಶೋಧನೆ ಖಚಿತವಾಗಿದ್ದಲ್ಲಿ ಮಾಯವಾದ ಹಣ ಸುಮಾರು ಎಂಟು ಶೇಕಡಾ ಅಂಶಗಳಷ್ಟು ಇಳಿಯಿತು. ಜನರನ್ನು ಹೆಚ್ಚಾಗಿ ಕರೆಸಿದ್ದರಿಂದ ಒಟ್ಟಾರೆ ಆದ ವ್ಯತ್ಯಾಸ ತೀರಾ ಸಣ್ಣದು. ಗ್ರಾಮಸಭೆಯ ಮೇಲೆ ನಂಬಿಕೆಯಿಟ್ಟವರಿಗೆ ಇದು ಕಹಿಯಾದ ಫಲಿತಾಂಶ. ಆದರೆ ಒಳಗಿನ ವಿವರ ನೋಡಿದರೆ ಪಾಠ ಬೇರೆಯಿದೆ. ಜನ ಸೇರಿದಲ್ಲಿ ಕೂಲಿಯ ಹಣದ ಸೋರಿಕೆ ಕಡಿಮೆಯಾಗಿತ್ತು, ಸಾಮಗ್ರಿಯ ಸೋರಿಕೆ ಕಡಿಮೆಯಾಗಿರಲಿಲ್ಲ. ಯಾಕೆಂದರೆ ಕೂಲಿ ಬಂತೋ ಇಲ್ಲವೋ ಎಂಬುದು ಕೂಲಿಯವನಿಗೆ ಗೊತ್ತು, ಕೇಳುವ ಹಟವೂ ಅವನಿಗಿದೆ. ಕಾಂಕ್ರೀಟಿನ ದಪ್ಪ ಯಾರಿಗೂ ಕಾಣುವುದಿಲ್ಲ, ಅದು ಯಾರೊಬ್ಬರ ಸ್ವಂತದ್ದೂ ಅಲ್ಲ. ಕಾಣದ್ದನ್ನು ಅಳೆದು ತೋರಿಸುವವರು ಬೇಕು. ತೋರಿಸಿದ್ದನ್ನು ಹಿಡಿದು ಕೇಳುವವರೂ ಬೇಕು. ಪರಿಶೋಧನೆಯ ವರದಿಯನ್ನು ಅಲ್ಲಿ ಊರಿನ ಸಭೆಯಲ್ಲಿಯೇ ಓದುತ್ತಿದ್ದರು ಎಂಬುದನ್ನೂ ಮರೆಯಬಾರದು.

ನಮ್ಮ ದೇಶದ ಅನುಭವವೂ ಅದೇ ದಿಕ್ಕಿನಲ್ಲಿದೆ. 1994ರ ಡಿಸೆಂಬರ್ 2ರಂದು ರಾಜಸ್ಥಾನದ ಕೋಟ್‌ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನ್ವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ, ನಡೆಸಿದಾಗ ಮಾಡಿದ್ದು ತುಂಬ ಸರಳವಾದ ಕೆಲಸ. ಸರ್ಕಾರಿ ಕಾಮಗಾರಿಯ ಹಾಜರಿಪಟ್ಟಿ, ಬಿಲ್ಲುಗಳನ್ನು ಸಂಪಾದಿಸಿ, ಜನರ ಎದುರು ಗಟ್ಟಿಯಾಗಿ ಓದಿದರು. ಪಟ್ಟಿಯಲ್ಲಿ ಹೆಸರಿದ್ದವರು ಅಲ್ಲೇ ಕೂತಿದ್ದರು. ತಾವು ಆ ಕೆಲಸಕ್ಕೆ ಹೋಗಿರಲಿಲ್ಲ ಎಂದು ಎದ್ದು ನಿಂತು ಹೇಳಿದರು. ಕಾಗದವೂ ಜನವೂ ಒಂದೇ ಜಾಗದಲ್ಲಿ ಎದುರುಬದುರಾದ ಆ ಗಳಿಗೆಯಿಂದ ಹೊರಟ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2005ರಲ್ಲೇ ಬಂದ ಉದ್ಯೋಗ ಖಾತರಿ ಕಾಯ್ದೆಯು ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯ ಕೈಗೆ ಕೊಟ್ಟಿತು: ಮನೆಮನೆಗೆ ಹೋಗಿ ವಿಚಾರಿಸಿ, ಜಾಗಕ್ಕೆ ಹೋಗಿ ಅಳೆದು, ಕಂಡದ್ದನ್ನು ವಿಶೇಷ ಗ್ರಾಮಸಭೆಯಲ್ಲಿ ಓದುವ ಕ್ರಮ. ದಕ್ಷಿಣದ ನಾಲ್ಕು ರಾಜ್ಯಗಳ 522 ಹಳ್ಳಿಗಳನ್ನು ಅಭ್ಯಸಿಸಿ ತಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ 2005ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಇನ್ನೊಂದು ಸಾಕ್ಷಿ ಒದಗಿಸುತ್ತದೆ. ಆ ನಾಲ್ಕರಲ್ಲಿ ಕರ್ನಾಟಕವೂ ಒಂದು. ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಬಿ.ಪಿ.ಎಲ್. ಕಾರ್ಡು ಭೂಮಿಯಿಲ್ಲದವರಿಗೆ, ಅಕ್ಷರ ಬಾರದವರಿಗೆ ಸಿಗುವ ಸಂಭವ ಹೆಚ್ಚಿತ್ತು. ಯಾರು ಬಡವರು ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಪಟ್ಟಿಯನ್ನು ಊರ ಎದುರು ಓದಿದಾಗ ಟ್ರಾಕ್ಟರು ಇಟ್ಟುಕೊಂಡವರ ಹೆಸರು ಕೂಲಿಯವರ ಹೆಸರಿನ ಮೇಲೆ ಕೂರುವುದು ಕಷ್ಟವಾಗುತ್ತದೆ.

ಪಕ್ಕದ ಬೆಂಗಳೂರು ನಗರದ ಉದಾಹರಣೆ ಇನ್ನೂ ಹತ್ತಿರದ್ದು. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ ನಗರದ ಸೇವಾ ಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವ ವರದಿಪಟ್ಟಿಯನ್ನು 1994, 1999 ಮತ್ತು 2003ರಲ್ಲಿ ಹೊರತಂದಿತು. ಶಾಲೆಯ ಮಕ್ಕಳ ಪ್ರಗತಿಪತ್ರದಂತೆ ನೀರು, ವಿದ್ಯುತ್ತು, ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರಗಳಿಗೆ ಅಂಕ. ಮೊದಲ ವರದಿಯಲ್ಲಿ ಅಂಕಗಳು ಬಹಳ ಕೆಟ್ಟದಾಗಿದ್ದವು, ಪತ್ರಿಕೆಗಳಲ್ಲಿ ಬಂದವು, ಆದರೂ ಬಹುಪಾಲು ಸಂಸ್ಥೆಗಳು ಕದಲಲಿಲ್ಲ. 1999ರ ಹೊತ್ತಿಗೆ ಅಲ್ಪಸ್ವಲ್ಪ ಚಲನೆ ಕಂಡಿತು. 2003ರಲ್ಲಿ ಕಂಡ ಸುಧಾರಣೆ ಗಮನಾರ್ಹವಾದದ್ದು. ಈ ನಡುವೆ ಆದದ್ದೇನೆಂದರೆ, ಸಂಸ್ಥೆಗಳ ಮುಖ್ಯಸ್ಥರು ಆರು ತಿಂಗಳಿಗೊಮ್ಮೆ ಬಹಿರಂಗವಾಗಿ ತಾವು ಮಾಡಿದ್ದೇನು ಎಂದು ಹೇಳಬೇಕಾದ ವೇದಿಕೆ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಹುಟ್ಟಿಕೊಂಡಿತು. ಆ ವೇದಿಕೆ ಉಳ್ಳವರದಾಗಿತ್ತು, ಕೊಳೆಗೇರಿಯ ದನಿ ಅಲ್ಲಿ ಕೇಳಲಿಲ್ಲ ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಆದರೆ ಒಂದೇ ಬಗೆಯ ಮಾಹಿತಿ ಮೊದಲ ಸಲ ಸುಮ್ಮನೆ ಬಿದ್ದಿದ್ದು, ಉತ್ತರ ಹೇಳುವ ಕಟ್ಟು ಬಂದ ಮೇಲೆ ಕೆಲಸ ಮಾಡಿತು ಎಂಬುದು ನನ್ನ ವಾದಕ್ಕೆ ಸಾಕು.

ಈಗ ಆಕ್ಷೇಪಗಳಿಗೆ ಬರೋಣ. ಜನ ಬರುವುದೇ ಇಲ್ಲ, ಮನೆ ಹಂಚುವ ದಿನ ಮಾತ್ರ ಬರುತ್ತಾರೆ, ಉಳಿದ ದಿನ ಕೋರಂ ತುಂಬಿಸಲು ಸ್ವಸಹಾಯ ಸಂಘದ ಹೆಂಗಸರನ್ನು ಕರೆದು ಕೂರಿಸಬೇಕು, ಇಂಥ ಜನಕ್ಕೆ ಪಾರದರ್ಶಕತೆ ಯಾಕೆ ಎಂದು ಅಧಿಕಾರಿಗಳು ಮಾತ್ರವಲ್ಲ, ಚುನಾಯಿತ ಸದಸ್ಯರೂ ಕೇಳುತ್ತಾರೆ. ಬರುವುದಿಲ್ಲ ಎಂಬುದು ಎಷ್ಟೋ ಕಡೆ ನಿಜ. ಯಾಕೆ ಬರುವುದಿಲ್ಲ ಎಂಬುದನ್ನೂ ನೋಡಬೇಕಲ್ಲ. ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಬೆಳಗ್ಗೆಯೇ ಕಂಪನಿಯ ಬಸ್ಸು ಹತ್ತಿರುತ್ತಾಳೆ. ವಿದ್ಯುತ್ ಮಗ್ಗದ ನೇಕಾರ ಕರೆಂಟು ಇರುವ ಹೊತ್ತಿನಲ್ಲಿ ಮಗ್ಗ ಬಿಟ್ಟೇಳುವಂತಿಲ್ಲ. ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬಂದವರಿಗೆ ಆ ದಿನದ ಕೂಲಿ ಹೋಯಿತು. ಕೂಲಿ ಬಿಟ್ಟು ಬಂದವರು ಮೂರು ಸಲ ಒಂದೇ ಚರಂಡಿಯ ಬಗ್ಗೆ ಹೇಳಿ, ಮೂರು ಸಲವೂ 'ಬರೆದುಕೊಂಡಿದ್ದೇವೆ' ಎಂಬ ಮಾತನ್ನೇ ಕೇಳಿದರೆ ನಾಲ್ಕನೆಯ ಸಲ ಬಾರದಿರುವುದೇ ವಿವೇಕ. ಅವರಿಗೆ ಆಸಕ್ತಿಯಿಲ್ಲ ಎನ್ನುವುದು ತಪ್ಪು. ಅವರು ಲೆಕ್ಕ ಹಾಕಿ ನೋಡಿದ್ದಾರೆ. ಹಾಜರಿ ಕಡಿಮೆಯಾಗಿರುವುದು ರೋಗವೆನ್ನುವುದಕ್ಕಿಂತ ಉತ್ತರ ಸಿಗದಿರುವ ರೋಗದ ಲಕ್ಷಣ ಎನ್ನುವುದು ಸರಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಸಭೆಯಲ್ಲಿ ಮಾತಾಡುವವರು ಊರಿನ ನಾಲ್ಕು ಜನ. ಗಂಡಸರು, ಜಮೀನಿದ್ದವರು, ಪಕ್ಷದವರು. ಉಳಿದವರು ಸಹಿ ಹಾಕಿ, ಟೀ ಕುಡಿದು ಹೋಗುತ್ತಾರೆ. ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಅವರು ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತುಗಳನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ ಅಭ್ಯಸಿಸಿ 2018ರಲ್ಲಿ ಪುಸ್ತಕ ತಂದರು. ಅಸಮಾನತೆ ಸಭೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಂತೆ ಹೊರಗುಳಿಯುವುದಿಲ್ಲ ಎಂಬುದು ಅಲ್ಲಿ ಕಾಣುತ್ತದೆ. ಆದರೆ ಅದೇ ಸಭೆಗಳಲ್ಲಿ, ಬೇರೆಲ್ಲೂ ಅಧಿಕಾರಿಯನ್ನು ಪ್ರಶ್ನಿಸಲಾರದ ಬಡವರು ಎಲ್ಲರ ಎದುರು ಎದ್ದುನಿಂತು ಪ್ರಶ್ನಿಸುವುದೂ, ರಾಜ್ಯ ಸರ್ಕಾರಗಳು ಸಭೆಯನ್ನು ಹೇಗೆ ನಡೆಸುತ್ತವೆ ಎಂಬುದರ ಮೇಲೆ ಮಾತಿನ ಗುಣಮಟ್ಟ ಏರಿಳಿಯುವುದೂ ಕಾಣುತ್ತದೆ. ಅಂದರೆ ಸಭೆಯನ್ನು ಕಟ್ಟುವ ರೀತಿಯಲ್ಲಿ ಅರ್ಧ ಉತ್ತರವಿದೆ. ದೊಡ್ಡ ಸಭೆಗೆ ಮೊದಲು ವಾರ್ಡ್ ಸಭೆಯನ್ನು ಕೇರಿಯಲ್ಲೇ ನಡೆಸುವುದು, ಮಹಿಳೆಯರ ಸಭೆಯನ್ನು ಬೇರೆಯಾಗಿ ಮೊದಲೇ ನಡೆಸಿ ಅದರ ಬೇಡಿಕೆಗಳನ್ನು ಬರಹದಲ್ಲಿ ತರುವುದು, ಇವೆಲ್ಲ ನಮ್ಮ ವ್ಯವಸ್ಥೆಯಲ್ಲಿ ಈಗಾಗಲೇ ಇವೆ. ಹಿಂದಿನ ಸಭೆಯಲ್ಲಿ ಬರೆದ ಬೇಡಿಕೆಯನ್ನು ಮುಂದಿನ ಸಭೆಯಲ್ಲಿ ಕಡ್ಡಾಯವಾಗಿ ಓದಿ ಉತ್ತರ ಹೇಳುವುದಾದರೆ ಮೆಲುದನಿಯವರಿಗೂ ಬಲ ಬರುತ್ತದೆ. ಒಮ್ಮೆ ಬರೆಸಿದರೆ ಸಾಕು, ಮತ್ತೆ ಕೂಗಬೇಕಿಲ್ಲ. ಪುಸ್ತಕವೇ ಅವರ ಪರವಾಗಿ ಕೇಳುತ್ತದೆ.

ಮೂರನೆಯ ಮಾತು ಮಾಹಿತಿ ಹಕ್ಕಿನ ದುರ್ಬಳಕೆಯದು. ಅರ್ಜಿ ಹಾಕಿ ಹೆದರಿಸಿ ಹಣ ಕೀಳುವವರಿದ್ದಾರೆ, ಅವರ ಕಾಟಕ್ಕೆ ಅಧಿಕಾರಿಗಳು ಕಡತಕ್ಕೆ ಸಹಿ ಹಾಕಲೇ ಹೆದರುತ್ತಾರೆ ಎನ್ನುತ್ತಾರೆ. ಇಂಥವರಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಹೆದರಿಸಿ ಹಣ ಕೀಳಲು ಬರುವುದು ಮುಚ್ಚಿಟ್ಟ ಕಾಗದದಿಂದ ಮಾತ್ರ. ಅದೇ ಕಾಯ್ದೆಯ 4ನೇ ಪ್ರಕರಣ ಯಾರೂ ಕೇಳುವ ಮೊದಲೇ ಕಚೇರಿಗಳು ತಾವಾಗಿ ಪ್ರಕಟಿಸಬೇಕಾದ ವಿಷಯಗಳ ಉದ್ದ ಪಟ್ಟಿ ಕೊಟ್ಟಿದೆ. ಅಂದಾಜುಪಟ್ಟಿ, ಎಂ.ಬಿ.ಯ ಪುಟ, ಬಿಲ್ಲಿನ ಪ್ರತಿ ಪಂಚಾಯಿತಿಯ ಗೋಡೆಯ ಮೇಲೇ ಇದ್ದರೆ ಬ್ಲ್ಯಾಕ್‌ಮೇಲ್ ಮಾಡುವವನ ಅಂಗಡಿಗೆ ಮಾಲೇ ಇರುವುದಿಲ್ಲ. ಪ್ರಾಮಾಣಿಕ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ, ಪಾರದರ್ಶಕತೆಗಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ.

ತೆರೆದಿಟ್ಟ ಮಾಹಿತಿ ಬಲವಿದ್ದವರ ಪಾಲಾಗುತ್ತದೆ ಎಂಬ ನಾಲ್ಕನೆಯ ಆಕ್ಷೇಪ ಈ ಜಿಲ್ಲೆಯ ಮಣ್ಣಿನಿಂದಲೇ ಎದ್ದದ್ದು ಎನ್ನಬಹುದು. 2000ದ ಸುಮಾರಿಗೆ 'ಭೂಮಿ' ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದಾಗ ಶಾನುಭೋಗರ, ಗ್ರಾಮಲೆಕ್ಕಿಗರ ಕೈಯ ಗುಟ್ಟು ಮುಗಿಯಿತೆಂದು ಎಲ್ಲರೂ ಸಂತೋಷಪಟ್ಟರು. ಸಂತೋಷಕ್ಕೆ ಕಾರಣವೂ ಇತ್ತು. ಆದರೆ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಹೊರತಂದ ಅಧ್ಯಯನ ಬೇರೆಯೇ ಮುಖ ತೋರಿಸಿತು. ಬೆಂಗಳೂರಿನ ಅಂಚಿನಲ್ಲಿ ಎಲ್ಲ ಜಮೀನಿನ ದಾಖಲೆ ಒಂದೇ ಕಡೆ ಸಿಗುವಂತಾದದ್ದು ದೊಡ್ಡ ಡೆವಲಪರುಗಳಿಗೆ ಅನುಕೂಲವಾಯಿತು, ಸಣ್ಣ ಹಿಡುವಳಿದಾರನಿಗೆ ಅಷ್ಟಾಗಿ ಆಗಲಿಲ್ಲ ಎಂದು ಅವರು ವಾದಿಸಿದರು. ಈ ಎಚ್ಚರಿಕೆಯನ್ನು ತಳ್ಳಿಹಾಕಬಾರದು. ಪರದೆಯ ಮೇಲಿನ ಮಾಹಿತಿ ಪರದೆಯ ಮುಂದೆ ದಿನವಿಡೀ ಕೂರಲು ಆಳು ಇಟ್ಟುಕೊಂಡವನಿಗೆ ಮೊದಲು ಸಿಗುತ್ತದೆ. ಸಭೆಯಲ್ಲಿ ಗಟ್ಟಿಯಾಗಿ ಓದಿದ ಮಾಹಿತಿ ಎಲ್ಲರಿಗೂ ಒಂದೇ ಹೊತ್ತಿಗೆ ಸಿಗುತ್ತದೆ, ಅಕ್ಷರ ಬಾರದವರಿಗೂ ಸಿಗುತ್ತದೆ. ಹಾಗಾಗಿ ಜಾಲತಾಣದಲ್ಲಿ ಎಲ್ಲ ಹಾಕಿದ್ದೇವೆ ಎಂಬ ಉತ್ತರವನ್ನು ನಾವು ಪಾರದರ್ಶಕತೆಯೆಂದು ಒಪ್ಪಿಕೊಳ್ಳಬಾರದು.

ಇನ್ನುಳಿದದ್ದು ಎಲ್ಲಕ್ಕಿಂತ ಬಲವಾದ ಆಕ್ಷೇಪ: ಪಂಚಾಯಿತಿಯನ್ನು ಎಷ್ಟು ಪ್ರಶ್ನಿಸಿದರೇನು, ಊರಿನ ಹಣೆಬರಹ ಬರೆಯುವವರು ಬೇರೆ ಕಡೆ ಇದ್ದಾರಲ್ಲ? ಬಡಾವಣೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ, ಕೈಗಾರಿಕೆಗೆ ನೆಲ ಹಿಡಿಯುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, ಹೊಲಸು ನೀರಿಗೆ ಹೊಣೆ ಹೊರಬೇಕಾದವರು ನಗರಸಭೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯನೀರು ತಮ್ಮ ಕೆರೆ ಸೇರುತ್ತಿದೆ ಎಂದು ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಗ್ರಾಮಸಭೆಯಲ್ಲಿ ಇದನ್ನು ಎಷ್ಟು ಸಲ ಬರೆದರೂ ಉತ್ತರಿಸಬೇಕಾದವರು ಆ ಸಭೆಯ ಸದಸ್ಯರಲ್ಲ. ನೀರು ಪಂಚಾಯಿತಿಯ ಗಡಿ ನೋಡಿ ಹರಿಯುವುದಿಲ್ಲ, ಪ್ರಶ್ನೆ ಕೇಳುವ ಹಕ್ಕು ಮಾತ್ರ ಗಡಿಯಲ್ಲೇ ನಿಲ್ಲುತ್ತದೆ. ಇದಕ್ಕೆ ಇನ್ನೊಂದು ವಿಚಿತ್ರ ಸೇರಿಕೊಂಡಿದೆ. ಊರು ಬೆಳೆದು ಪಟ್ಟಣವಾದ ದಿನ ಗ್ರಾಮಸಭೆಯೇ ಇಲ್ಲವಾಗುತ್ತದೆ. ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯಾಯಿತು. ನೆಲಮಂಗಲ ಸುತ್ತಲ ಪಂಚಾಯಿತಿಗಳನ್ನು ಸೇರಿಸಿಕೊಂಡು ನಗರಸಭೆಯಾಯಿತು. ಸಂವಿಧಾನದ 243ಎಸ್ ವಿಧಿಯ ವಾರ್ಡ್ ಸಮಿತಿಗಳು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ ಕಡ್ಡಾಯ. ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಆ ಅಂಕಿಯ ಹತ್ತಿರ ಬರುವುದಿಲ್ಲ. ನಿನ್ನೆ ಹಳ್ಳಿಯವನಾಗಿ ವರ್ಷಕ್ಕೆ ಎರಡು ಸಲ ಲೆಕ್ಕ ಕೇಳಬಹುದಾಗಿದ್ದ ಅದೇ ಮನುಷ್ಯ ಇಂದು ಪಟ್ಟಣಿಗನಾಗಿ ಹೆಚ್ಚು ಕಂದಾಯ ಕಟ್ಟುತ್ತಾನೆ, ಕೇಳುವ ಕಟ್ಟೆ ಇಲ್ಲ. ಮೇಲಿನ ಹಂತದಲ್ಲೂ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು.

ಈ ಆಕ್ಷೇಪದಿಂದ ಪಂಚಾಯಿತಿಯನ್ನು ಕೇಳುವುದು ವ್ಯರ್ಥ ಎಂಬ ತೀರ್ಮಾನ ಹೊರಡುವುದಿಲ್ಲ. ಕೇಳುವುದನ್ನು ಮೇಲಿನವರೆಗೂ ಒಯ್ಯಬೇಕು ಎಂಬುದು ಹೊರಡುತ್ತದೆ. ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೇ ಸಾಕ್ಷಿ. ಅಲ್ಲಿನ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಹಿಡಿಯಲು ಹೊರಟಾಗ ಬಳಸಿದ್ದು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ದಾರಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿರುವಂತೆ ಗ್ರಾಮಸಭೆಯೊಂದಿಗೆ ಸಮಾಲೋಚನೆ, ಸಾಮಾಜಿಕ ಪರಿಣಾಮದ ಅಧ್ಯಯನ ಆ ದಾರಿಯಲ್ಲಿಲ್ಲ. ಆ ದಾರಿ ಬೇಗ ಮುಗಿಯುತ್ತದೆ ಎಂಬುದೇ ಅದರ ಆಕರ್ಷಣೆ. ಆದದ್ದೇನು? 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು, ಸುಮಾರು 1,200 ದಿನ ಕೂತರು, 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಭೂಮಿ ಕೊಡಬೇಕಿತ್ತೋ ಬೇಡವೋ ಎಂಬ ವಾದದಲ್ಲಿ ನೀವು ಯಾವ ಕಡೆಯವರಾದರೂ ಆಗಿರಿ, ಲೆಕ್ಕ ಒಂದೇ. ಮೊದಲ ದಿನವೇ ಕೇಳಬಹುದಾಗಿದ್ದನ್ನು ಮೂರು ವರ್ಷ ಕೇಳಿಸಿಕೊಳ್ಳಬೇಕಾಯಿತು. ಜನರನ್ನು ಕೇಳುತ್ತಾ ಕೂತರೆ ಕೆಲಸ ತಡವಾಗುತ್ತದೆ ಎನ್ನುವವರು ಈ ಮೂರು ವರ್ಷಗಳನ್ನು ಯಾವ ಖಾತೆಗೆ ಬರೆಯುತ್ತಾರೆ?

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಾಯ್ದೆಗಿಂತ ಮೊದಲು, ಇರುವ ಒಂದು ಸಾಲಿಗೆ ಜೀವ ಕೊಡಬೇಕು. 2012ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯನ್ನು ನೋಡಿ. ಒಬ್ಬ ವ್ಯಕ್ತಿ ಅರ್ಜಿ ಕೊಟ್ಟರೆ ಸ್ವೀಕೃತಿ ಸಿಗುತ್ತದೆ, ಅದರಲ್ಲೊಂದು ಸಂಖ್ಯೆ, ಒಂದು ಗಡುವು ಇರುತ್ತದೆ, ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಒಬ್ಬನ ಅರ್ಜಿಗೆ ಇಷ್ಟು ಮರ್ಯಾದೆ ಇರುವಾಗ ನೂರು ಜನ ಕೂತು ಮಾಡಿದ ಗ್ರಾಮಸಭೆಯ ಠರಾವಿಗೆ ಯಾಕಿರಬಾರದು? ಪ್ರತಿ ಠರಾವಿಗೂ ಒಂದು ಸಂಖ್ಯೆ, ಒಂದು ಗಡುವು ಕೊಟ್ಟು, ಮುಂದಿನ ಸಭೆಯ ತಿಳಿವಳಿಕೆ ಪತ್ರದ ಜೊತೆಗೇ ಉತ್ತರದ ಹಾಳೆಯನ್ನು ಅಂಟಿಸಲಿ. ಹೊರೆ ಹೆಚ್ಚಾಯಿತು ಎಂದು ಪಿಡಿಒಗಳು ಹೇಳಬಹುದು. ಅವರ ಮೇಲೆ ಈಗಾಗಲೇ ಹೊರೆ ಇರುವುದೂ ಸುಳ್ಳಲ್ಲ. ಆದರೆ ಬೇಕಾದ್ದು ದೊಡ್ಡ ವರದಿಯಲ್ಲ. ಆಗಿದೆ, ಇಷ್ಟು ಖರ್ಚಾಗಿದೆ. ಆಗಿಲ್ಲ, ಈ ಕಾರಣಕ್ಕೆ. ನಮ್ಮ ಕೈಯದಲ್ಲ, ಇಂಥ ಕಚೇರಿಗೆ ಇಂಥ ದಿನ ಬರೆದಿದ್ದೇವೆ, ಅವರ ಉತ್ತರ ಇದು. ಮೂರನೆಯ ಬಗೆಯ ಉತ್ತರಗಳನ್ನೆಲ್ಲ ಒಟ್ಟುಮಾಡಿ ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ನಡೆಯುವ ಪ್ರಗತಿ ಪರಿಶೀಲನಾ ಸಭೆಯ ಮೇಜಿನ ಮೇಲಿಟ್ಟರೆ ದೊಡ್ಡತುಮಕೂರಿನ ಕೆರೆ ನಗರಸಭೆಯವರ, ಮಾಲಿನ್ಯ ನಿಯಂತ್ರಣ ಮಂಡಳಿಯವರ ಎದುರಿಗೆ ಬರುತ್ತದೆ. ಪುರಸಭೆ, ನಗರಸಭೆಗಳೂ ಕಾನೂನು ಕಡ್ಡಾಯ ಮಾಡುವವರೆಗೆ ಕಾಯದೆ ವಾರ್ಡಿಗೊಂದು ಸಭೆ ಕರೆಯುವುದನ್ನು ಯಾವ ಕಾನೂನೂ ತಡೆದಿಲ್ಲ.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಸಿದಾಗ, ತಾಲ್ಲೂಕುಗಳಿಂದ ಬಂದಿದ್ದ 144 ಮಂದಿಯ ಎದುರು ಸಂಸ್ಥಾನದ ಆಡಳಿತದ ವಿವರವನ್ನು ಇಟ್ಟರು. ಆ ಸದಸ್ಯರಿಗೆ ಮತ ಹಾಕುವ ಅಧಿಕಾರವಿರಲಿಲ್ಲ, ಕುಂದುಕೊರತೆ ಹೇಳಿಕೊಳ್ಳುವ ಅವಕಾಶವಷ್ಟೇ ಇತ್ತು. ಅಂದಿನ ಪ್ರಜೆಗಿದ್ದದ್ದು ಹೇಳಿಕೊಳ್ಳುವ ಅವಕಾಶ. ಇಂದಿನ ನಾಗರಿಕನಿಗಿರುವುದು ಕೇಳುವ ಹಕ್ಕು. ಕೇಳುವ ಹಕ್ಕಿಗೆ ಉತ್ತರಿಸುವ ಹೊಣೆ ಜೊತೆಯಾಗದಿದ್ದರೆ 140ಕ್ಕೂ ಹೆಚ್ಚು ವರ್ಷಗಳ ನಂತರವೂ ನಾವು ಕುಂದುಕೊರತೆ ಹೇಳಿಕೊಂಡು ಮನೆಗೆ ಹೋಗುವವರಾಗಿಯೇ ಉಳಿಯುತ್ತೇವೆ. ಆದ್ದರಿಂದ, ಕೇಳುಗರೇ, ನಿಮ್ಮ ಊರಿನಲ್ಲಿ ಮುಂದಿನ ಸಲ ಗ್ರಾಮಸಭೆ ಸೇರಿದಾಗ ಎರಡನೆಯ ವಿಷಯಕ್ಕೆ ಹೋಗುವ ಮೊದಲು ಒಬ್ಬರು ಎದ್ದುನಿಂತು, ಮೊದಲನೆಯದನ್ನು ಪೂರ್ತಿ ಓದಿ ಸ್ವಾಮಿ, ಎನ್ನಿ. ಓದಿ ಮುಗಿಸುವವರೆಗೆ ಕೂತುಕೊಳ್ಳಬೇಡಿ.